ಹದಿನಾರರ ಕೆಂಪು ಗೆರೆ

ನಾನು ಒಂದು ಹಿಡಿಬಲ ಅಳೆಯುವ ಯಂತ್ರ. ಒಂದು ಹಿಡಿ, ಒಂದು ಸ್ಪ್ರಿಂಗು, ಒಂದು ಮುಳ್ಳು, ನನ್ನ ಸಂಸಾರ ಇಷ್ಟೇ. ಹಿಡಿಯನ್ನು ಹಿಂಡಿದರೆ ಕೈಯಲ್ಲಿ ಎಷ್ಟು ಕಿಲೋ ಬಲವಿದೆ ಎಂದು ಮುಳ್ಳು ತೋರಿಸುತ್ತದೆ. ಹುಟ್ಟಿದ್ದು ಕಡಲಾಚೆಯ ಕಾರ್ಖಾನೆಯಲ್ಲಿ. ನನ್ನ ಪೆಟ್ಟಿಗೆಯಲ್ಲೇ ಒಂದು ಪಟ್ಟಿಯೂ ಬಂತು. ಅಲ್ಲಿನ ಎತ್ತರದ, ಮೈತುಂಬಿದ ಮುದುಕ ಮುದುಕಿಯರ ಕೈ ಅಳೆದು ಬರೆದ ಪಟ್ಟಿ ಅದು. ಹೆಂಗಸರ ಸಾಲಿನಲ್ಲಿ ಹದಿನಾರಕ್ಕೆ ಒಂದು ಕೆಂಪು ಗೆರೆ ಎಳೆದಿದ್ದರು.

ಮೊದಲು ಮೈಸೂರಿನ ಒಂದು ನರ್ಸಿಂಗ್ ಹೋಮಿನಲ್ಲಿದ್ದೆ. ಕೊಡಗಿನ ಒಬ್ಬ ಅಜ್ಜಿ ನನ್ನನ್ನು ಇಪ್ಪತ್ತನಾಲ್ಕರವರೆಗೆ ಹಿಂಡಿ, "ಇಷ್ಟೇಯಾ?" ಎಂದು ನಕ್ಕಿದ್ದರು. ಒಳ್ಳೆಯ ದಿನಗಳು. ಅಲ್ಲಿಗೆ ಹೊಸ ಯಂತ್ರ ಬಂದಾಗ ನನ್ನನ್ನೂ ಪಟ್ಟಿಯನ್ನೂ ಚಾಮರಾಜನಗರದ ಕಡೆ, ಬೆಟ್ಟದ ಬುಡದ ಒಂದು ಸಣ್ಣ ಆಸ್ಪತ್ರೆಗೆ ದಾನ ಕೊಟ್ಟರು.

ಅಲ್ಲಿ ಪಟ್ಟಿಯನ್ನು ಗೋಡೆಗೆ ಅಂಟಿಸಿದರು. ಮೂಳೆ ಡಾಕ್ಟರು ವಿರೂಪಾಕ್ಷ. ಒಳ್ಳೆಯವರು, ಆದರೆ ಪುಕ್ಕಲು. ಸೊಂಟ ಮುರಿದ ಮುದುಕಿಯರಿಗೆ ಆಪರೇಷನ್ ಮಾಡುವ ಮೊದಲು ನನ್ನನ್ನು ಹಿಂಡಿಸುತ್ತಿದ್ದರು. ಮುಳ್ಳು ಕೆಂಪು ಗೆರೆ ದಾಟಿದರೆ, "ರಾತ್ರಿಯಿಂದ ಏನೂ ತಿನ್ನಿಸಬೇಡಿ" ಅನ್ನುತ್ತಿದ್ದರು. ಮಾರನೆಯ ದಿನ ಆಪರೇಷನ್. ದಾಟದಿದ್ದರೆ, "ಮೈಯಲ್ಲಿ ತ್ರಾಣ ಇಲ್ಲ, ಮನೆಯಲ್ಲೇ ಮಲಗಿಸಿ" ಅನ್ನುತ್ತಿದ್ದರು.

ಬೆಟ್ಟದ ಸೋಲಿಗರ ಹಳ್ಳಿಯಾದ ಪೋಡಿನಿಂದ ಮಾದಮ್ಮ ಎಂಬ ಮುದುಕಿಯನ್ನು ಹೊತ್ತು ತಂದರು. ಬೀಳುವ ಹಿಂದಿನ ದಿನದವರೆಗೂ ಸೌದೆ ಹೊತ್ತು ಬೆಟ್ಟ ಇಳಿದವಳು. ಸಣ್ಣ ಆಳು, ಸಣ್ಣ ಕೈ. ಹಲ್ಲು ಕಚ್ಚಿ ಹಿಂಡಿದಳು. ನಾನು ಹದಿನಾಲ್ಕು ತೋರಿಸಿದೆ. ನನ್ನ ಲೆಕ್ಕದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅವಳನ್ನು ಮನೆಗೆ ಕಳಿಸಿದರು. ಮಲಗಿದಲ್ಲೇ ಬೆನ್ನು ಹುಣ್ಣಾಗಿ ಮೂರು ತಿಂಗಳಿಗೆ ತೀರಿಕೊಂಡಳೆಂದು ಸುದ್ದಿ ಬಂತು. ಅಂದಿನಿಂದ ಯಾವ ಸಣ್ಣ ಕೈ ಕಂಡರೂ ನನಗೆ ನಡುಕ.

ಒಂದು ದಿನ ಮೇಜಿನಿಂದ ಬಿದ್ದೆ. ಎತ್ತಿ ಒರೆಸಿ ಇಟ್ಟರು. ಒಳಗೆ ಸ್ಪ್ರಿಂಗು ಸಡಿಲವಾದದ್ದು ನನಗೊಬ್ಬನಿಗೇ ಗೊತ್ತು. ನನ್ನ ಬಲ ಕುಂದಿದಷ್ಟೂ ಹಿಂಡಿದವರೆಲ್ಲ ಬಲಶಾಲಿಗಳಾಗಿ ಕಾಣತೊಡಗಿದರು.

ಆಮೇಲೆ ಅದೇ ಪೋಡಿನ ಕೇತಮ್ಮ ಬಂದಳು. ಅವಳ ಸೊಂಟವೂ ಮುರಿದಿತ್ತು. ವ್ಯಾಯಾಮ ಮಾಡಿಸುವ ಫಿಲೋಮಿನಾ ನನ್ನನ್ನು ಮುಂದೆ ಹಿಡಿದಾಗ ಕೇತಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು.

"ಮಾದಕ್ಕುನ್ನ ಮಲುಗ್ಸಿದ್ದು ಇದೇ ಅಲ್ವವ್ವಾ? ನಾ ಮುಟ್ಟಕ್ಕಿಲ್ಲ."

"ಹಿಂಡಜ್ಜಿ, ಹಿಂಡ್ದೇ ಇದ್ರೆ ಡಾಕ್ಟ್ರು ಆಪರೇಷನ್ ಮಾಡಲ್ಲ," ಎಂದಳು ಫಿಲೋಮಿನಾ.

ಕಣ್ಣು ಮುಚ್ಚಿ ಹಿಂಡಿದಳು. ಮುಳ್ಳು ಹದಿನೇಳಕ್ಕೆ ಹೋಯಿತು. ಅದು ಸುಳ್ಳೆಂದು ನನಗೆ ಗೊತ್ತಿತ್ತು, ಹೇಳಲು ಬಾಯಿಲ್ಲ. ಮರುದಿನ ಅವಳನ್ನು ಒಳಗೆ ಒಯ್ದು ಬಾಗಿಲು ಹಾಕಿದರು. ನಿಜ ಹೇಳಿ ಒಬ್ಬಳನ್ನು ಕೊಂದೆ, ಸುಳ್ಳು ಹೇಳಿ ಇನ್ನೊಬ್ಬಳನ್ನೂ ಕೊಂದೆನೇ ಎಂದು ಬಾಗಿಲು ತೆರೆಯುವವರೆಗೆ ಬೆಂದುಹೋದೆ.

ಕೇತಮ್ಮ ಬದುಕಿದಳು. ಆರನೆಯ ವಾರಕ್ಕೆ ಕೋಲೂರಿ ನಡೆದಳು.

ಅಷ್ಟರಲ್ಲಿ ಯಂತ್ರಗಳನ್ನು ತಪಾಸಣೆ ಮಾಡುವವನು ಬಂದ. ನನಗೆ ಹತ್ತು ಕಿಲೋ ತೂಗುಹಾಕಿದ. ನಾನು ಹದಿಮೂರು ತೋರಿಸಿದೆ. ಡಾಕ್ಟರು ಕೇತಮ್ಮನ ಫೈಲು ತೆಗೆದು ಲೆಕ್ಕ ಹಾಕಿ ಬೆವರೊರೆಸಿಕೊಂಡರು. "ನಿಜವಾಗಿ ಹದಿಮೂರೇ ಇತ್ತಾ? ದೇವ್ರು ದೊಡ್ಡೋನು," ಎಂದರು. ಪಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಕೊರಳಿಗೆ 'ತಪ್ಪು ತೋರಿಸುತ್ತದೆ' ಎಂಬ ಚೀಟಿ ಕಟ್ಟಿ ಗಾಜಿನ ಬೀರುವಿಗೆ ಹಾಕಿದರು. ಪಟ್ಟಿ ಗೋಡೆಯ ಮೇಲೆಯೇ ಉಳಿಯಿತು.

ಮೊನ್ನೆ ಕೇತಮ್ಮ ಮತ್ತೆ ಬಂದಳು. ಈ ಸಲ ಸೊಂಟ ಮುರಿದುಕೊಂಡು ಸ್ಟ್ರೆಚರಿನ ಮೇಲಿದ್ದದ್ದು ಅವಳ ತಂಗಿ ಬೊಮ್ಮಮ್ಮ. ಅದೇ ಮೈಕಟ್ಟು, ಅದೇ ಸಣ್ಣ ಕೈ. ನನ್ನ ಜಾಗಕ್ಕೆ ತಂದಿದ್ದ ಹೊಸ ಯಂತ್ರವನ್ನು ಹಿಂಡಿದಳು. ಅದು ತಪ್ಪಿಲ್ಲದ ಯಂತ್ರ, ನಾನೂ ಒಂದು ಕಾಲಕ್ಕೆ ಹಾಗೆಯೇ ಇದ್ದೆ. ಹದಿಮೂರು ತೋರಿಸಿತು.

ಫಿಲೋಮಿನಾಳ ಮುಖ ಇಳಿಯಿತು. ಕೇತಮ್ಮ ಕೋಲನ್ನು ನನ್ನ ಕಡೆ ಚಾಚಿದಳು.

"ಹೊಸದುಕ್ಕೆ ನಮ್ ಕೈ ಗೊತ್ತಿಲ್ಲ ಕನವ್ವಾ. ಆ ಹಳೇದ್ನ ಕೊಡು. ಅದ್ಕೆ ಗೊತ್ತದೆ."

ನನ್ನನ್ನು ತೆಗೆಯಬೇಡಿ ಎಂದು ಬೇಡಿಕೊಂಡೆ, ಇನ್ನೊಂದು ಸುಳ್ಳಿನ ಭಾರ ಹೊರುವ ಧೈರ್ಯ ನನಗಿರಲಿಲ್ಲ. ತೆಗೆಯದಿದ್ದರೆ ಬೊಮ್ಮಮ್ಮನ ಗತಿಯೇನು ಎಂದು ಅದಕ್ಕಿಂತ ಹೆಚ್ಚು ಹೆದರಿದೆ.

"ಎಷ್ಟು ಬಂತು?" ಒಳಗಿನಿಂದ ಡಾಕ್ಟರು ಕೇಳಿದರು.

ಫಿಲೋಮಿನಾ ಪಟ್ಟಿಯನ್ನು ನೋಡಿದಳು. ತನ್ನ ಕಾಲ ಮೇಲೆ ನಿಂತಿದ್ದ ಕೇತಮ್ಮನನ್ನು ನೋಡಿದಳು.

"ಕೇತಮ್ಮನಷ್ಟೇ, ಸರ್."

ಒಳಗೆ ಫೈಲಿನ ಹಾಳೆ ಮಗುಚಿದ ಸದ್ದು. ಆಮೇಲೆ ಕುರ್ಚಿ ಸರಿದ ಸದ್ದು.

"ರಾತ್ರಿಯಿಂದ ಏನೂ ತಿನ್ನಿಸ್ಬೇಡಿ ಅಂತ ಹೇಳು."

ಬೊಮ್ಮಮ್ಮ ಈಗ ವಾರ್ಡಿನಲ್ಲಿ ಕೂತು ಗಂಜಿ ಕುಡಿಯುತ್ತಾಳಂತೆ. ನಾನು ತುಕ್ಕು ಹಿಡಿಯುತ್ತ ಬೀರುವಿನಲ್ಲಿದ್ದೇನೆ. ಆದರೂ ಬಾಗಿಲಲ್ಲಿ ಸ್ಟ್ರೆಚರಿನ ಸದ್ದಾದರೆ ಇಂದಿಗೂ ಹೆದರುತ್ತೇನೆ. ತಪ್ಪು ತೋರಿಸುತ್ತದೆ ಎಂಬ ಚೀಟಿ ನನ್ನ ಕೊರಳಲ್ಲಿದೆ. ಪಟ್ಟಿಗೆ ಯಾರೂ ಚೀಟಿ ಕಟ್ಟಿಲ್ಲ.