ಜಮಖಾನದಡಿಯ ದನಿ

ನನ್ನ ಬೆಲೆ ಒಂದು ಮಿಕ್ಸಿಯಷ್ಟು. ನನಗೆ ವಿದ್ಯುತ್ ತರುವ ತಂತಿಗೆ ಒಂದು ಊಟದಷ್ಟು. ನನ್ನ ಮೈಮೇಲೆ ಹಾಕಿದ ಚೆಂಡುಹೂವಿಗೆ ಏನೂ ಬೀಳಲಿಲ್ಲ, ಅದು ಹಿತ್ತಲಿನದು. ಆ ಹೂವೇ ಎಲ್ಲಕ್ಕಿಂತ ದುಬಾರಿಯಾಯಿತು.

ನಾನೊಂದು ಹಾರ್ಡ್ ಡಿಸ್ಕ್. ಹುಟ್ಟಿದ ಕಾರ್ಖಾನೆ ನೆನಪಿಲ್ಲ. ಕಣ್ಣು ಬಿಟ್ಟಂತಾದದ್ದು ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದೆ, ಗುರುಪಾದಪ್ಪ ಹೂಗಾರರ ರೆಕಾರ್ಡಿಂಗ್ ಅಂಗಡಿಯಲ್ಲಿ. ಭಜನೆ, ಸೋಬಾನೆ, ಚುನಾವಣೆಯ ಕೂಗು, ಎಲ್ಲವೂ ನನ್ನೊಳಗೆ ಇಳಿಯುತ್ತಿದ್ದವು. ಅವರ ಕಂಪ್ಯೂಟರ್ ಹಳೆಯದು. ಚಿತ್ರ ಒತ್ತಿ ನಡೆಸುವಂಥದ್ದಲ್ಲ, ಕಪ್ಪು ಪರದೆಯ ಮೇಲೆ ಆಜ್ಞೆ ಟೈಪ್ ಮಾಡಬೇಕು. ಗುರುಪಾದಪ್ಪ ಆರೇಳು ಆಜ್ಞೆ ಕಲಿತು ಹೇಗೋ ಸಂಸಾರ ತೂಗಿಸುತ್ತಿದ್ದರು.

ಆ ಕಂಪ್ಯೂಟರಿನ ಹೊಟ್ಟೆಯಲ್ಲಿ ಸಣ್ಣದೊಂದು ಡಿಸ್ಕ್ ಇತ್ತು. ಅದರಲ್ಲಿ 'ಪದ' ಎಂಬ ಖಾಲಿ ಕೋಣೆ, ಅಂದರೆ ಫೋಲ್ಡರ್. ನನ್ನನ್ನು ಜೋಡಿಸಿದಾಗ ನಾನು ಆ ಕೋಣೆಯ ನೆಲದ ಮೇಲೆ ಜಮಖಾನದ ಹಾಗೆ ಹಾಸಿಕೊಳ್ಳುತ್ತಿದ್ದೆ. ಇದಕ್ಕೆ ಮೌಂಟ್ ಆಗುವುದು ಎನ್ನುತ್ತಾರೆ. ಆಮೇಲೆ 'ಪದ'ದಲ್ಲಿ ಇಟ್ಟದ್ದೆಲ್ಲ ನನ್ನ ಮೇಲೆ ಬೀಳುತ್ತಿತ್ತು. ನಾನಿಲ್ಲದಿದ್ದರೂ ಕೋಣೆಯ ಬಾಗಿಲು ತೆರೆದೇ ಇರುತ್ತದೆ. ಇಟ್ಟದ್ದು ಬರಿ ನೆಲದ ಮೇಲೆ ಬೀಳುತ್ತದೆ. ಕಂಪ್ಯೂಟರ್ ತುಟಿ ಪಿಟಕ್ಕೆನ್ನುವುದಿಲ್ಲ.

ಮಾಬುಸಾಬ ನದಾಫ್ ಮೊಹರಂನ ರಿವಾಯತ್ ಪದ ಹೇಳುವವರು. ಸುತ್ತಲಿನ ಊರುಗಳಲ್ಲಿ ಆ ದನಿಗೆ ಎದುರಿರಲಿಲ್ಲ. ಗುರುಪಾದಪ್ಪ ಎಷ್ಟು ಸಲ ಕರೆದರೂ ಬರುತ್ತಿರಲಿಲ್ಲ.

"ಅಲಾಯಿ ಕುಣಿ ಬೆಂಕಿ ಮುಂದ ಹೇಳೂ ಪದ ಅವು, ತಮ್ಮಾ. ನಿನ್ನ ಡಬ್ಬಿಯಾಗ ಹಾಕಿ ಉಪ್ಪಿನಕಾಯಿ ಮಾಡ್ತೀ ಏನು?"

ಹಾಗೆ ನಗುತ್ತಿದ್ದವರ ಗಂಟಲಿನಲ್ಲಿ ಗಡ್ಡೆ ಎದ್ದಿತು. ಹುಬ್ಬಳ್ಳಿಯ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು. ಊರಿಂದ ಹೊರಡುವ ದಿನ ಮಗಳು ಜನ್ನತಬಿ ಹಟ ಹಿಡಿದು ಅಪ್ಪನನ್ನು ಅಂಗಡಿಗೆ ಕರೆತಂದಳು. ಅದು ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ ಮರುದಿನ, ಬನ್ನಿ ಹಬ್ಬ.

ಹಿಂದಿನ ದಿನ ಪೂಜೆಗೆಂದು ನನ್ನ ತಂತಿ ಬಿಡಿಸಿ, ಒರೆಸಿ, ಕುಂಕುಮ ಹಚ್ಚಿ, ಹೂ ಏರಿಸಿ ದೇವರ ಮಂಟಪದಲ್ಲಿ ಕೂಡಿಸಿದ್ದರು.

"ಮಂಟಪದಾಗ ಕುಂತದ್ದನ್ನ ಬನ್ನಿ ಮುಡಿಯೂತನಕ ಎಬ್ಬಿಸಬಾರದ ನೋಡ್ರಿ," ಎಂದು ಹೆಂಡತಿ ನೀಲವ್ವ ಒಳಗಿಂದಲೇ ಕೂಗಿದರು.

"ನಾ ಮಂಟಪಕ್ಕ ಕೈ ಹಚ್ಚಂಗಿಲ್ಲಾ ಮಾರಾಯ್ತಿ. ಟೇಬಲ್ ಮ್ಯಾಲಿನ ಕಂಪ್ಯೂಟರ್ ಮಂಟಪದಾಗ ಕುಂತಿಲ್ಲಲ್ಲ, ನಡೀತೈತಿ."

ಗುರುಪಾದಪ್ಪ ಕಂಪ್ಯೂಟರ್ ಚಾಲೂ ಮಾಡಿ, ಎಂದಿನಂತೆ 'ಪದ'ದಲ್ಲೇ ತುಂಬುವಂತೆ ಆಜ್ಞೆ ಹೊಡೆದರು. ನಾನು ಮಂಟಪದಲ್ಲಿ ಕುಳಿತು ನೋಡುತ್ತಿದ್ದೆ. ಮಾಬುಸಾಬರು ಕಣ್ಣು ಮುಚ್ಚಿದರು. ಮೊದಲ ಸೊಲ್ಲಿಗೆ ದನಿ ಒಡೆಯಿತು. ನೀರು ಕುಡಿದು ಮತ್ತೆ ಎತ್ತಿಕೊಂಡರು. ಅಬ್ಬಾ, ಏನು ದನಿ! ನೀಲವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. ಮುಗಿದ ಮೇಲೆ ಗುರುಪಾದಪ್ಪ ಅದನ್ನು ಹಾಕಿ ಕೇಳಿಸಿದರು. ಮಾಬುಸಾಬರು ತಲೆ ತೂಗಿದರು.

"ಇಷ್ಟ ಚಂದ ಹೇಳ್ತಿದ್ನೇನೋ ನಾನು? ಊರ ಮಂದಿ ಬರೇ ಚಾ ಕುಡಿಸಿ ಕಳಸ್ತಿದ್ರಲ್ಲೋ!"

"ಅಣ್ಣಾ, ನನ್ನ ಫೋನಿನ ಕಾರ್ಡಿಗೆ ಹಾಕಿಕೊಡು," ಎಂದಳು ಜನ್ನತಬಿ.

"ಬಸ್ಸಿಗೆ ಹೊತ್ತಾತು, ಹೋಗಿ ಬಾ ತಂಗಿ. ಅದೆಲ್ಲಿ ಓಡಿಹೋಗ್ತೈತಿ? ಬಂದಮ್ಯಾಲೆ ಕೊಡ್ತೀನಿ."

ಸಂಜೆ ಬನ್ನಿ ಕೊಟ್ಟು ತೆಗೆದುಕೊಂಡ ಮೇಲೆ ನನ್ನನ್ನು ಎಬ್ಬಿಸಿ ಜೋಡಿಸಿದರು. ನಾನು ನನ್ನ ಜಾಗದಲ್ಲಿ ಹಾಸಿಕೊಂಡೆ. ಆ ದನಿಯ ಮೇಲೆಯೇ ಹಾಸಿಕೊಂಡೆ.

ಮರುದಿನ ಹುಡುಕಿದರೆ ಮಾಬುಸಾಬರ ಪದವಿಲ್ಲ. ಗುರುಪಾದಪ್ಪ ಯಾವ ಡಿಸ್ಕ್ ಎಲ್ಲಿ ಕೂತಿದೆ ಎಂದು ತೋರಿಸುವ 'ಫೈಂಡ್‌ಮೌಂಟ್' ಎಂಬ ಆಜ್ಞೆ ಹೊಡೆದರು. ಸಾಲುಸಾಲಾಗಿ ಪಟ್ಟಿ ಬಂತು. 'ಪದ'ದ ಎದುರು ನನ್ನ ಹೆಸರು ಸರಿಯಾಗಿಯೇ ಇತ್ತು. "ಎಲ್ಲಾ ಬರೋಬ್ಬರಿ ಐತಲ್ಲ!" ಎಂದು ತಲೆ ಕೆರೆದುಕೊಂಡರು. ಪಟ್ಟಿ ಸುಳ್ಳು ಹೇಳಲಿಲ್ಲ. ಈಗ ಯಾರು ಎಲ್ಲಿ ಕೂತಿದ್ದಾರೆಂದು ಹೇಳಿತು. ನಿನ್ನೆ ಯಾರಿದ್ದರು, ಕೂತವರ ಅಡಿಯಲ್ಲಿ ಏನಿದೆ ಎಂದು ಹೇಳುವುದು ಅದರ ಕೆಲಸವಲ್ಲ. ಹೆಸರು ಹಿಡಿದು ಇಡೀ ಕಂಪ್ಯೂಟರ್ ಜಾಲಾಡಿದರು. ಆ ಹುಡುಕಾಟವೂ ನನ್ನ ಮೇಲೆಯೇ ಓಡಾಡಿತು, ಕೆಳಗಿಳಿಯಲಿಲ್ಲ. ಒಂದು ಸಲ ನನ್ನನ್ನು ಬಿಡಿಸಿ ನೋಡಿದ್ದರೆ ಸಾಕಿತ್ತು. ನನಗೆ ಗೊತ್ತಿತ್ತು, ಬಾಯಿರಲಿಲ್ಲ.

ಕಂಪ್ಯೂಟರೇ ಕೈಕೊಟ್ಟಿತೆಂದು ಅವರು ತೀರ್ಮಾನಿಸಿದರು. ರಿಪೇರಿಯವನು ಒಳಗಿನ ಸಣ್ಣ ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ತುಂಬಬೇಕೆಂದ. "ಇದರಾಗ ಬೇಕಾದ್ದೇನರ ಐತೇನ್ರಿ?" ಎಂದು ಕೇಳಿದ.

"ಏನಿಲ್ಲ. ನನ್ನ ಪದ ಎಲ್ಲಾ ಇದರಾಗ ಇರ್ತಾವು," ಎಂದು ಗುರುಪಾದಪ್ಪ ನನ್ನ ಬೆನ್ನು ತಟ್ಟಿದರು.

ಅಷ್ಟು ನಂಬಿಕೆಯಿಂದ ಯಾರೂ ನನ್ನನ್ನು ಮುಟ್ಟಿರಲಿಲ್ಲ. ರಿಪೇರಿಯವನು ಎಲ್ಲ ಒರೆಸಿ, 'ಪದ' ಎಂಬ ಕೋಣೆಯನ್ನು ಮೊದಲಿನಂತೆ ಮಾಡಿಟ್ಟು ಹೋದ.

ನನ್ನನ್ನು ಜೋಡಿಸುವ ಮೊದಲು ಗುರುಪಾದಪ್ಪ ಮೈಕ್ ಪರೀಕ್ಷಿಸಲು "ಹಲೋ, ಹಲೋ" ಎಂದು 'ಪದ'ದಲ್ಲಿ ತುಂಬಿಸಿದರು. ಕೇಳಿಸಿತು. ನನ್ನನ್ನು ಜೋಡಿಸಿದರು. ಹಲೋ ಮಾಯ. ನನ್ನನ್ನು ಬಿಡಿಸಿದರು. ಹಲೋ ಅಲ್ಲೇ ಇತ್ತು. ಅವರು ನೆಲದ ಮೇಲೆ ಕೂತುಬಿಟ್ಟರು. "ನೀಲವ್ವಾ, ಮಾಬುಸಾಬರ ಪದ ಅಲ್ಲೇ ಇತ್ತಲ್ಲೇ. ಅಳಿಸೂತನಕ ಅಲ್ಲೇ ಇತ್ತು."

ಜನ್ನತಬಿ ಕಾರ್ಡ್ ಹಿಡಿದು ಬಂದಾಗ ಜೊತೆಗೆ ಮಾಬುಸಾಬರೂ ಇದ್ದರು, ಕೊರಳಿಗೆ ಬಿಳಿ ವಸ್ತ್ರ ಸುತ್ತಿಕೊಂಡು. ಗುರುಪಾದಪ್ಪ ಮುಚ್ಚಿಡದೆ ಎಲ್ಲ ಹೇಳಿದರು. ಜನ್ನತಬಿಗೆ ಸಿಟ್ಟು ನೆತ್ತಿಗೇರಿತು.

"ಓಡಿ ಹೋಗಂಗಿಲ್ಲ ಅಂದಿದ್ದೆಲ್ಲ ಅಣ್ಣಾ? ಬಸ್ ತಪ್ಪಿದ್ರ ಮತ್ತೊಂದು ಬರ್ತಿತ್ತು!"

ಮಾಬುಸಾಬರು ಮಗಳ ಕೈ ಅದುಮಿ ಸುಮ್ಮನಿರಿಸಿದರು. ನನ್ನತ್ತ ಬೆರಳು ತೋರಿಸಿ ಬಾಯಿ ಆಡಿಸಿದರು. ಕೊರಳ ವಸ್ತ್ರದಡಿಯಿಂದ ಗಾಳಿ ಬಂತು, ಮಾತು ಬರಲಿಲ್ಲ. ಏನಂದರೆಂದು ಮಗಳಿಗೂ ತಿಳಿಯಲಿಲ್ಲ.

ಈಗ ನನ್ನೊಳಗೆ ಕಟಕಟ ಸದ್ದು ಬರುತ್ತದೆ. ಇನ್ನು ಸ್ವಲ್ಪ ದಿನಕ್ಕೆ ಗುಜರಿಯೇ ಗತಿ. ಗುರುಪಾದಪ್ಪ ಪ್ರತಿ ರೆಕಾರ್ಡಿಂಗಿಗೆ ಮೊದಲು ಆ ಫೈಂಡ್‌ಮೌಂಟ್ ಆಜ್ಞೆ ಹೊಡೆದು, ಪರದೆಯ ಮೇಲೆ ನನ್ನ ಹೆಸರಿಗೆ ಬೆರಳಿಟ್ಟು ನೋಡುತ್ತಾರೆ. ಪೂಜೆಗೆ ನನ್ನನ್ನು ಎಬ್ಬಿಸುವುದಿಲ್ಲ, ಕೂತಲ್ಲೇ ಹೂ ಬೀಳುತ್ತದೆ. ಗಳಿಸಿದ್ದು ಈ ಒಂದು ಅಭ್ಯಾಸ. ಕಳೆದದ್ದು ಮಾಬುಸಾಬರ ದನಿ.