ಮೊದಲ ಕುರ್ಚಿಯ ಬೆನ್ನು

ಯಜಮಾನರು ತೀರಿಕೊಂಡು ತಿಂಗಳು ತುಂಬುವ ಮೊದಲೇ ಮೈದುನ ಅವರ ಕೆಲಸದ ಕೋಣೆಯ ಬೀಗದ ಕೈ ಕೇಳಿದ. ಅಣ್ಣತಮ್ಮಂದಿರು ಆ ಕೋಣೆಯಲ್ಲಿ ಶುರು ಮಾಡಿದ ವಿನ್ಯಾಸ ಸಂಸ್ಥೆಗೆ ಈಗ ಹಲವು ದೇಶಗಳಲ್ಲಿ ಕಚೇರಿಗಳಿವೆ. ಅದರ ಇತಿಹಾಸ ಪುಸ್ತಕವಾಗಿ ಬರಲಿದೆ, ಬರೆಸುತ್ತಿರುವವನು ಅವನೇ.

“ಮೊದಲ ಕುರ್ಚಿಯ ಅಚ್ಚು ಒಳಗಿರಬೇಕು, ಅತ್ತಿಗೆ. ತಗೊಂಡು ಹೋಗ್ತೀನಿ.”

“ಅಷ್ಟು ಅವಸರ ಏನಪ್ಪಾ?”

“ಪುಸ್ತಕಕ್ಕೆ ಫೋಟೋ ತೆಗೆಸ್ಬೇಕು.”

ಫೋಟೋ ತೆಗೆಯುವವರು ಇಲ್ಲಿಗೇ ಬರಬಹುದಲ್ಲ? ಅವನು ನನ್ನ ಮುಖ ನೋಡಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಮೊದಲಿನಿಂದಲೂ ಅವನ ಮಾತು ಹಾಗೆ. ಅಣ್ಣ ಕಣ್ಣು ಮುಚ್ಚಿದ, ಇನ್ನು ಆ ಕುರ್ಚಿಯೂ ತನ್ನದೇ ಎಂದು ಬರೆಸುತ್ತಾನೆ ಎಂದುಕೊಂಡೆ. ದೇವರೇ, ಅವರ ಹೆಸರೊಂದನ್ನು ಉಳಿಸು ಎಂದು ಬೇಡಿಕೊಂಡು, “ನಡಿ, ನಾನೂ ಬರ್ತೀನಿ” ಎಂದೆ.

ಕೋಣೆಯಲ್ಲಿ ಮರದ ಹೊಟ್ಟಿನ ವಾಸನೆ ಹಾಗೇ ಇತ್ತು. ಅವನು ಹಲಗೆಗಳನ್ನು ಸರಿಸಿ, ಗೋಣಿ ಹೊದಿಸಿದ್ದ ಅಚ್ಚನ್ನು ಎಳೆದ. ನಾನು ಗೋಣಿಯ ತುದಿ ಹಿಡಿದೆ.

“ಇದರ ಬಗ್ಗೆ ಏನು ಬರೆಸಿದ್ದೀಯ?”

“ಊರಿಗೆಲ್ಲ ಗೊತ್ತಿರೋದೇ. ನಾನೂರು ಜನರನ್ನ ಕೂರಿಸಿ, ಬೆನ್ನು ಅಳೆದು, ಅಣ್ಣ ಮಾಡಿದ ಕುರ್ಚಿ ಅಂತ.”

“ನೀನು ಎಲ್ಲಿ ಬರ್ತೀಯ ಅದರಲ್ಲಿ?”

“ಮೊಳೆ ಹೊಡೆದವನು ನಾನು. ಅಷ್ಟೇ.”

ನಂಬಲಿಲ್ಲ. ಗೋಣಿ ಸರಿಸಿದೆ. ಪ್ಲಾಸ್ಟರಿನಲ್ಲಿ ಮೂಡಿದ ಒಂದು ಬೆನ್ನು. ಎಡಭುಜ ಇಳಿದಿತ್ತು, ಬೆನ್ನುಮೂಳೆ ಸೊಂಟದ ಹತ್ತಿರ ಬಂದು ಬಲಕ್ಕೆ ಹೊರಳಿತ್ತು. ನನ್ನ ಕೈ ತಾನಾಗಿ ಅಲ್ಲಿಗೆ ಹೋಯಿತು. ಅತ್ತೆಯವರು ಹಾಸಿಗೆ ಹಿಡಿದ ವರ್ಷಗಳಲ್ಲಿ ಆ ಬೆನ್ನಿಗೆ ನೀರು ಹಾಕಿ ಒರೆಸಿದವಳು ನಾನು.

“ಇದು ನಿಮ್ಮಮ್ಮನದು.”

ಮೈದುನ ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತ.

“ಅಮ್ಮ ಒಬ್ಬಳೇ ಕೂತಿದ್ದು, ಅತ್ತಿಗೆ. ಎಷ್ಟು ಜನರನ್ನ ಅಳೆದ್ರಿ ಅಂತ ಮೊದಲ ಗಿರಾಕಿ ಕೇಳಿದ. ಅಣ್ಣ ನಾನೂರು ಅಂದ್ಬಿಟ್ಟ. ಆ ಮಾತಿನ ಮೇಲೇ ಕಂಪನಿ ನಿಂತಿರೋದು. ಇತಿಹಾಸ ಬರೆಯೋ ಹುಡುಗಿ ನಾಳೆ ಇಲ್ಲಿಗೆ ಬರ್ತಾಳೆ. ಇದನ್ನ ನೋಡಿದ್ರೆ ಅಣ್ಣನ ಹೆಸರು ಏನಾಗುತ್ತೆ?”

“ಅದಕ್ಕೇ ಒಡೆದು ಹಾಕೋಕೆ ಬಂದೆಯಾ?”

ಹೌದೆಂದು ತಲೆಯಾಡಿಸಿದ.

ಅವನು ಉಳಿಸಹೊರಟಿದ್ದು ಅಣ್ಣನ ಹೆಸರನ್ನೋ, ಕಂಪನಿಯದನ್ನೋ, ದೇವರಿಗೇ ಗೊತ್ತು. ನಾನು ಬೇಡಿಕೊಂಡದ್ದೂ ಹೆಸರನ್ನೇ. ಆದರೂ ಅತ್ತೆಯವರ ಬೆನ್ನಿನ ಮೇಲೆ ಸುತ್ತಿಗೆ ಬೀಳುವುದನ್ನು ನಾನು ನೋಡಲಾರೆ. ಅವನನ್ನು ಎಬ್ಬಿಸಿ, ಬಾಗಿಲಿಗೆ ಬೀಗ ಹಾಕಿದೆ.

“ನಾಳೆ ಅವಳು ಬಂದ್ರೆ, ಅತ್ತಿಗೆ?”

“ಬರಲಿ. ನಾನೇ ತೋರಿಸಿ, ಯಾರ ಬೆನ್ನು ಅಂತ ಹೇಳ್ತೀನಿ. ನೀನೂ ಬಾ, ಮೊಳೆ ಹೊಡೆದವನೇ.”

ಅವನು ಅಲ್ಲಾಡಲಿಲ್ಲ, ಬೀಗವನ್ನೇ ನೋಡುತ್ತ ನಿಂತ. ಆ ಬೀಗದ ಕೈಯನ್ನು ದಿನವೂ ದೇವರ ಮುಂದೆ ಇಡುತ್ತಿದ್ದೆ. ಅಂದು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದೆ.