ಕೊಡಗಳ ಹಿಂದಿನ ರೌಟರ್

ಹನ್ನೊಂದಕ್ಕೆ ಸ್ನೇಹಲತಾಳ ಸಂದರ್ಶನ. ಶಂಶಾಬಾದಿನ ಶಾಲೆಯೊಂದರಲ್ಲಿ ಶಿಕ್ಷಕಿ ಕೆಲಸ. ಮೊದಲ ಸುತ್ತು ವಿಡಿಯೊ ಕರೆಯಲ್ಲೇ. ನಾಲ್ಕು ಜನರ ನಡುವೆ ಬಾಯಿ ಒಣಗುವ ಹುಡುಗಿಗೆ ಅದೇ ವಾಸಿ ಎನಿಸಿತ್ತು. ಆದರೆ ಹತ್ತೂಕಾಲಿಗೆ ಮಿಯಾಪುರದ ಮನೆಯ ತನ್ನ ಕೋಣೆಯಿಂದ ಗೆಳತಿ ಸುವರ್ಣಾಳಿಗೆ ವಿಡಿಯೊ ಕರೆ ಮಾಡಿ ನೋಡಿದರೆ, ಪರದೆಯಲ್ಲಿ ಅವಳ ಮುಖ ಬಾಯಿ ತೆರೆದಂತೆಯೇ ನಿಂತುಬಿಟ್ಟಿತು.

ಪಡಸಾಲೆಯ ರೌಟರ್ ಆರಿಸಿ ಹಚ್ಚಿದಳು. ಫಲವಿಲ್ಲ. ಇಂಟರ್ನೆಟ್ ಹಾಕಿಕೊಟ್ಟ ಬೀದರಿನ ಅಂಬಾದಾಸನಿಗೆ ಹೆದರುತ್ತಲೇ ಫೋನ್ ಮಾಡಿದಳು.

"ಲೈನ್ ಛಲೋ ಐತ್ರಿ ಅಕ್ಕಾರ. ಡಬ್ಬಿ ಮುಂದ ಏನರ ಅಡ್ಡ ಇಟ್ಟೀರೇನ್ ನೋಡ್ರಿ."

ಇಟ್ಟಿದ್ದರು. ಬಂದವರಿಗೆ ವಾಯರು ಕಾಣಬಾರದೆಂದು ಅವ್ವ ಶಿವದೇವಿ ಅದರ ಮುಂದೆ ತವರಿನ ಐದು ಹಿತ್ತಾಳೆ ಕೊಡ ಸಾಲಾಗಿ ಜೋಡಿಸಿದ್ದಳು. ಖಾಲಿ ಕೊಡ ಮನೆಗೆ ಒಳ್ಳೆಯದಲ್ಲವೆಂದು ಐದಕ್ಕೂ ಕಂಠದವರೆಗೆ ನೀರು.

"ಗ್ವಾಡಿ ದಾಟಿ ಬರೂದಕ್ಕ ನನ್ನ ಕೊಡ ಅಡ್ಡ ಬಂದಾವೇನ? ಭಾಳ ಶಾಣ್ಯಾಕಿ ಆಗೀದಿ!" ವಿಷಯ ಕೇಳಿ ಅವ್ವ ಸಿಡುಕಿದಳು.

"ಯವ್ವಾ, ಒಮ್ಮೆ ನೋಡೂಣು. ನೀ ಫೋನ್ ಹಿಡಕೊಂಡು ನನ್ನ ಖೋಲ್ಯಾಗ ನಿಂದರು. ನಾ ಒಂದೊಂದು ಕೊಡ ತಗದಂಗ ಇಂಟರ್ನೆಟ್ಟಿನ ವೇಗ ಅಳಿಯೂ ಈ ಗುಂಡಿ ಒತ್ತಿ, ಎಷ್ಟು ಬಂತು ಹೇಳು."

"ಎರಡು," ಕೋಣೆಯಿಂದ ಅವ್ವ ಕೂಗಿದಳು.

ಸ್ನೇಹಲತಾ ಮೊದಲ ಕೊಡವನ್ನು ಸೊಂಟಕ್ಕೇರಿಸಿ ಅಡುಗೆಮನೆಗೆ ಒಯ್ದಳು.

"ಐದು!"

ಎರಡನೆಯದು.

"ಹನ್ನೊಂದು! ಏ, ಇದೇನ ಇದು!"

ನಾಲ್ಕನೆಯದಕ್ಕೆ ಅವ್ವನ ದನಿ ಇಳಿದು ಪಿಸುಮಾತಾಯಿತು. "ಮೂವತ್ತೆಂಟು ಆತ ನೋಡ ಮಗಳ." ಕೊನೆಯದನ್ನು ಅವಳೇ ಬಂದು ಎತ್ತಿಕೊಂಡಳು.

ಸ್ನೇಹಲತಾ ಅಲ್ಲೇ ನಿಂತಳು. ಬಿಸಿಲು, ಧೂಳು, ಮಿಯಾಪುರದ ಬಸ್ಸುಗಳ ಸದ್ದು, ಎಲ್ಲ ಎಂದಿನಂತೆಯೇ. ಆದರೂ ಗೋಡೆಗಳನ್ನು ಹಾಯ್ದು, ತನ್ನ ಎದೆಯನ್ನೂ ಹಾಯ್ದು ಏನೋ ಒಂದು ತುಂಬಿ ಹರಿಯುತ್ತಿದೆ! ಎಷ್ಟು ಜನರ ಮಾತು, ಎಷ್ಟು ಮುಖಗಳು. ಮೆಲ್ಲನೆ ಕೈ ಚಾಚಿದಳು. ಬೆರಳಿಗೆ ಏನೂ ತಾಗಲಿಲ್ಲ. ಮೈ ಮಾತ್ರ ಜುಮ್ಮೆಂದಿತು.

"ಇಷ್ಟು ದಿನ ಇದರಾಗ ಅಡ್ಡಾಡಾಕತ್ತಿದ್ವೇನ ನಾವು?" ಅವ್ವ ಕೊಡ ಇಳಿಸುವುದನ್ನೂ ಮರೆತು ಕೇಳಿದಳು.

ಹನ್ನೊಂದಕ್ಕೆ ಪರದೆಯ ಮೇಲೆ ಮುಖ್ಯೋಪಾಧ್ಯಾಯಿನಿ ಮೂಡಿದರು. ಕನ್ನಡಕದ ಮೇಲಿನ ಬೆರಳಗುರುತೂ ಕಾಣುವಷ್ಟು ಸ್ಪಷ್ಟ. ಸ್ನೇಹಲತಾ ತೊದಲುತ್ತಲೇ ಹೆಸರು ಹೇಳಿದಳು.

"ನಿಮ್ಮ ದನಿ ಚೆನ್ನಾಗಿ ಕೇಳಿಸುತ್ತಿದೆ," ಎಂದರು ಅವರು. "ಹೇಳಿ, ಮಕ್ಕಳಿಗೆ ಮೊದಲ ದಿನ ಏನು ಕಲಿಸುತ್ತೀರಿ?"

"ಕಣ್ಣಿಗೆ ಕಾಣದ್ದನ್ನು ಅಳೆಯುವುದು ಹೇಗೆ ಅಂತ, ಮೇಡಂ," ಎಂದಳು. ಆಮೇಲೆ ಅವಳು ತೊದಲಲಿಲ್ಲ.